ನಮ್ಮ ಬೀದಿಯಲ್ಲಿ ದಡಾರ, ಮನೆಯಲ್ಲಿ 7 ತಿಂಗಳ ಕೂಸು. ಏನು ಮಾಡಲಿ?

ಕೂಸಿನ ತಾಯಿ | ಸೋಮವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ ಕಡೆಯ ಒಂದು ಸಣ್ಣ ಊರು. ಬೀದಿಯ ಕೊನೆಯ ಮನೆಯಲ್ಲಿ ಇಬ್ಬರು ಮಕ್ಕಳಿಗೆ ಅಮ್ಮ ಬಂದಿದೆ ಅಂತ ನಿನ್ನೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಇವತ್ತು ಆಶಾ ಅಕ್ಕ ಬಂದು ನೋಡಿದರು. ಇದು ದಡಾರದ ಹಾಗೆ ಕಾಣುತ್ತಿದೆ, ರಕ್ತದ ಸ್ಯಾಂಪಲ್ ತೆಗೆಯಲು ಪಿಎಚ್‌ಸಿಯಿಂದ ಬರುತ್ತಾರೆ ಎಂದರು.

ನನಗೆ ಭಯ ಏನೆಂದರೆ, ಆ ಮನೆಯ ದೊಡ್ಡ ಹುಡುಗ ಶನಿವಾರ ಸಂಜೆ ನಮ್ಮ ಮನೆಗೆ ಬಂದಿದ್ದ. ನನ್ನ ಮಗನ ಜೊತೆ ಒಂದು ಗಂಟೆ ಕೇರಂ ಆಡಿದ. ಆಗ ಮೈ ಮೇಲೆ ಏನೂ ಇರಲಿಲ್ಲ. ಸ್ವಲ್ಪ ನೆಗಡಿ, ಕೆಮ್ಮು, ಕಣ್ಣು ಕೆಂಪಗಿತ್ತು ಅಷ್ಟೇ. ಅದೇ ಕೋಣೆಯಲ್ಲಿ ನನ್ನ 7 ತಿಂಗಳ ಮಗಳು ತೊಟ್ಟಿಲಲ್ಲಿ ಮಲಗಿದ್ದಳು.

ಅವಳಿಗೆ ಇನ್ನೂ ದಡಾರದ ಚುಚ್ಚುಮದ್ದಿನ ವಯಸ್ಸಾಗಿಲ್ಲ. ಮಗನಿಗೆ 4 ವರ್ಷ. ಅವನಿಗೆ 9 ತಿಂಗಳಲ್ಲಿ ಹಾಕಿಸಿದ್ದು ಗೊತ್ತಿದೆ, ಎರಡನೆಯದು ನೆನಪಿಲ್ಲ. ಅತ್ತೆ ಹೇಳುತ್ತಾರೆ, ಅಮ್ಮ ಬಂದಾಗ ಸೂಜಿ ಚುಚ್ಚಿಸಬಾರದು, ಆಸ್ಪತ್ರೆಗೆ ಹೋಗಬಾರದು ಅಂತ. ನನಗೆ ಏನು ಮಾಡಬೇಕೋ ತಿಳಿಯುತ್ತಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ನಿವೃತ್ತ ಸಿಸ್ಟರ್ | ಸೋಮವಾರ ರಾತ್ರಿ 9:32

ತಂಗಿ, ಮೊದಲು ಗಂಟೆ ಲೆಕ್ಕ ಹಾಕು. ಆ ಹುಡುಗ ಶನಿವಾರ ಸಂಜೆ ಎಷ್ಟು ಹೊತ್ತಿಗೆ ಬಂದಿದ್ದ?

ಕೂಸಿನ ತಾಯಿ | ಸೋಮವಾರ ರಾತ್ರಿ 9:34

5 ಗಂಟೆ ಇರಬೇಕು ಅಕ್ಕ. ಟ್ಯೂಷನ್ ಮುಗಿಸಿ ಬಂದಿದ್ದ.

ನಿವೃತ್ತ ಸಿಸ್ಟರ್ | ಸೋಮವಾರ ರಾತ್ರಿ 9:55

ಹಾಗಾದರೆ ನಾಳೆ ಸಂಜೆ 5ಕ್ಕೆ 72 ಗಂಟೆ ತುಂಬುತ್ತದೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೋ. ದಡಾರದವರ ಹತ್ತಿರ ಇದ್ದ ಮೇಲೆ 72 ಗಂಟೆ ಒಳಗೆ ಲಸಿಕೆ ಬಿದ್ದರೆ, ರೋಗ ಬಾರದಂತೆ ತಡೆಯುವ ಇಲ್ಲವೇ ಬಂದರೂ ಜೋರಾಗದಂತೆ ಮಾಡುವ ಅವಕಾಶ ಇರುತ್ತದೆ. ಗ್ಯಾರಂಟಿ ಅಂತ ಹೇಳಲಾರೆ, ಆದರೆ ಬಿಡುವ ಅವಕಾಶ ಅಲ್ಲ.

ಈಗಲೇ ಆಶಾಗೆ ಫೋನ್ ಮಾಡು. ರಾತ್ರಿ ಆಯಿತು ಅಂತ ಸಂಕೋಚ ಬೇಡ. "ನನ್ನ ಕೂಸಿಗೆ 7 ತಿಂಗಳು, ಶನಿವಾರ ಸಂಜೆ 5ಕ್ಕೆ ಒಂದೇ ಕೋಣೆಯಲ್ಲಿ ಇದ್ದಳು, ಬೆಳಿಗ್ಗೆಯೇ ಡಾಕ್ಟರಿಗೆ ತಿಳಿಸಿ" ಎನ್ನು. 6 ತಿಂಗಳು ತುಂಬಿದ ಕೂಸಿಗೆ ರೋಗ ಹರಡಿರುವ ಕಡೆ ಒಂದು ಡೋಸ್ ಮುಂಚಿತವಾಗಿ ಹಾಕುವುದುಂಟು. ಅದನ್ನು ನಿರ್ಧರಿಸಬೇಕಾದವರು ಡಾಕ್ಟರು. ಆ ಡೋಸ್ ಲೆಕ್ಕಕ್ಕೆ ಬರುವುದಿಲ್ಲ. 9 ತಿಂಗಳಿಗೆ ಒಂದು, 16 ರಿಂದ 24 ತಿಂಗಳ ಒಳಗೆ ಇನ್ನೊಂದು, ಇವೆರಡೂ ಹಾಕಿಸಲೇಬೇಕು. ಡಾಕ್ಟರು ಲಸಿಕೆ ಬೇಡ ಎಂದರೆ ಇಮ್ಯುನೊಗ್ಲಾಬ್ಯುಲಿನ್ ಅಂತ, ರೋಗ ತಡೆಯುವ ಶಕ್ತಿಯನ್ನು ಸಿದ್ಧವಾಗಿಯೇ ಕೊಡುವ ಇನ್ನೊಂದು ಚುಚ್ಚುಮದ್ದಿದೆ. ಅದಕ್ಕೆ 6 ದಿನ ಸಮಯ ಇರುತ್ತದೆ. 6 ತಿಂಗಳೂ ತುಂಬದ ಕೂಸುಗಳಿಗೆ, ಲಸಿಕೆ ಹಾಕಲಾಗದ ಗರ್ಭಿಣಿಯರಿಗೆ ಅದೇ ದಾರಿ. ಅದು ಪಿಎಚ್‌ಸಿಯಲ್ಲಿ ಸಿಗುವುದು ಕಷ್ಟ, ಜಿಲ್ಲಾ ಆಸ್ಪತ್ರೆಯ ಮಕ್ಕಳ ಡಾಕ್ಟರ ಹತ್ತಿರ ಕೇಳಬೇಕು.

ಮಗನ ತಾಯಿ ಕಾರ್ಡ್ ಈಗಲೇ ಹುಡುಕು. ಎರಡನೇ ಎಂಆರ್ (ದಡಾರ-ರುಬೆಲ್ಲಾ ಲಸಿಕೆ) ಎದುರು ತಾರೀಕು ಇಲ್ಲದಿದ್ದರೆ ಹಾಕಿಸಿಲ್ಲ ಅಂತಲೇ ತಿಳಿದುಕೋ. 5 ವರ್ಷದ ತನಕ ಸರ್ಕಾರಿ ಲಸಿಕೆ ಸಿಗುತ್ತದೆ. ಒಂದು ಡೋಸ್ ಹೆಚ್ಚಾದರೆ ಏನೂ ತೊಂದರೆ ಇಲ್ಲ.

ಇನ್ನೊಂದು ಮಾತು. ಪಿಎಚ್‌ಸಿಗೆ ಹೋದಾಗ ಕೂಸನ್ನು ಎತ್ತಿಕೊಂಡು ಓಪಿಡಿ ಸಾಲಿನಲ್ಲಿ ನಿಲ್ಲಬೇಡ. ಮೊದಲೇ ಫೋನ್ ಮಾಡಿ, ಯಾವ ಬಾಗಿಲಿನಿಂದ ಬರಲಿ ಅಂತ ಕೇಳು. ಈ ವೈರಸ್ ಗಾಳಿಯಲ್ಲಿ 2 ಗಂಟೆ ತನಕ ಉಳಿಯುತ್ತದೆ. ದಡಾರದ ಮಗು ಎದ್ದು ಹೋದ ಕೋಣೆಗೆ ಆಮೇಲೆ ಬಂದು ಕೂತವರಿಗೂ ಹತ್ತುತ್ತದೆ.

ಹಳ್ಳಿ ಮೇಷ್ಟ್ರು | ಸೋಮವಾರ ರಾತ್ರಿ 10:05

ನಮ್ಮ ಕಡೆ ಇದಕ್ಕೆ ಗೊಬ್ಬರ ಎನ್ನುತ್ತಾರೆ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಐದೂ ಮಕ್ಕಳಿಗೆ ಬಂದಿತ್ತು, ಎಲ್ಲರೂ ಹುಷಾರಾದೆವು. ಬಂದು ಹೋಗುವ ಕಾಯಿಲೆಗೆ ಇಷ್ಟು ಗಾಬರಿ ಬೇಕಾ ಅಂತ ನನ್ನ ಪ್ರಶ್ನೆ. ತಪ್ಪು ತಿಳಿಯಬೇಡಿ, ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ಮಕ್ಕಳ ಡಾಕ್ಟರ್ | ಸೋಮವಾರ ರಾತ್ರಿ 11:20

ಮೇಷ್ಟ್ರೇ, ಒಳ್ಳೆಯ ಪ್ರಶ್ನೆ. ನಿಮ್ಮ ಮನೆಯ ಐದೂ ಮಕ್ಕಳು ಉಳಿದಿರಿ, ಹಾಗಾಗಿ ಇವತ್ತು ಹೇಳಲು ನೀವಿದ್ದೀರಿ. ಉಳಿಯದ ಮಕ್ಕಳ ಕಥೆ ಹೇಳುವವರು ಇಲ್ಲ. ಹಿರಿಯರನ್ನು ಕೇಳಿ ನೋಡಿ, "ನನಗೊಬ್ಬ ಅಣ್ಣ ಇದ್ದನಂತೆ, ಅಮ್ಮ ಬಂದು ಹೋದನಂತೆ" ಎನ್ನುವ ಮಾತು ಎಷ್ಟೋ ಮನೆಗಳಲ್ಲಿ ಇದೆ.

ದಡಾರದಲ್ಲಿ ಮಕ್ಕಳನ್ನು ಕೊಲ್ಲುವುದು ಮೈ ಮೇಲಿನ ದದ್ದು ಅಲ್ಲ, ಅದರ ಹಿಂದೆ ಬರುವ ನ್ಯುಮೋನಿಯಾ ಮತ್ತು ಭೇದಿ. ದಡಾರ ಬಂದ 20 ಮಕ್ಕಳಲ್ಲಿ ಒಬ್ಬರಿಗೆ ನ್ಯುಮೋನಿಯಾ ಆಗುತ್ತದೆ. ಸುಮಾರು 1000ದಲ್ಲಿ ಒಬ್ಬರಿಗೆ ಮೆದುಳು ಊದಿಕೊಳ್ಳುತ್ತದೆ. ಊಟ ಸರಿಯಾಗಿ ಸಿಗದ ಮಕ್ಕಳಲ್ಲಿ ಸಾವು ಇನ್ನೂ ಜಾಸ್ತಿ. ಮೈಯಲ್ಲಿ ವಿಟಮಿನ್ ಎ ಕಡಿಮೆ ಇದ್ದ ಮಗುವಿನ ಕಣ್ಣೇ ಹೋಗಬಹುದು.

ಇಷ್ಟಕ್ಕೇ ಮುಗಿಯುವುದಿಲ್ಲ. ಹಿಂದೆ ಬಂದ ರೋಗಗಳ ವಿರುದ್ಧ ನಮ್ಮ ಮೈ ಒಂದು ನೆನಪು ಇಟ್ಟುಕೊಂಡಿರುತ್ತದೆ ಅಲ್ವಾ, ದಡಾರ ಅದನ್ನೇ ಅಳಿಸಿ ಹಾಕುತ್ತದೆ. ನೆದರ್ಲೆಂಡ್ಸ್‌ನಲ್ಲಿ ಲಸಿಕೆ ಇಲ್ಲದೆ ದಡಾರ ಬಂದ 77 ಮಕ್ಕಳ ರಕ್ತ ನೋಡಿ 2019ರಲ್ಲಿ ಪ್ರಕಟಿಸಿದರು. ಆ ಮಕ್ಕಳು ಬೇರೆ ರೋಗಗಳ ವಿರುದ್ಧ ಇದ್ದ ಪ್ರತಿಕಾಯಗಳಲ್ಲಿ 11 ರಿಂದ 73 ಶೇಕಡಾದಷ್ಟು ಕಳೆದುಕೊಂಡಿದ್ದರು. ಹಾಗಾಗಿಯೇ ದಡಾರ ವಾಸಿಯಾದ ಮಗು ಆಮೇಲೆ ತಿಂಗಳುಗಟ್ಟಲೆ ಒಂದಲ್ಲ ಒಂದು ಕಾಯಿಲೆ ಬೀಳುತ್ತದೆ. "ಅಮ್ಮ ಬಂದ ಮೇಲೆ ಮಗು ಸೊರಗಿ ಹೋಯಿತು" ಅಂತ ಅಜ್ಜಿಯರು ಹೇಳುತ್ತಿದ್ದರು. ಅವರು ಕಂಡದ್ದು ಸರಿಯೇ.

ಎಸ್‌ಎಸ್‌ಪಿಇ ಅಂತ ಮೆದುಳಿನ ಕಾಯಿಲೆ ಒಂದಿದೆ. ದಡಾರ ವಾಸಿಯಾಗಿ 7-10 ವರ್ಷ ಆದ ಮೇಲೆ, ಚೆನ್ನಾಗಿ ಓದುತ್ತಿದ್ದ ಮಗು ಮಂಕಾಗುತ್ತದೆ, ಕೈಕಾಲು ಇದ್ದಕ್ಕಿದ್ದಂತೆ ಅದುರುತ್ತವೆ, ಕೊನೆಗೆ ಹಾಸಿಗೆ ಹಿಡಿಯುತ್ತದೆ. ಅಪರೂಪ. ಆದರೆ ಬಂದರೆ ವಾಸಿ ಮಾಡುವ ಔಷಧಿ ಇಲ್ಲ. ನಿಮ್ಹಾನ್ಸ್‌ನ ವೈದ್ಯರು ಬಹಳ ವರ್ಷಗಳಿಂದ ಇಂಥ ಮಕ್ಕಳನ್ನು ನೋಡುತ್ತಾ ಬಂದಿದ್ದಾರೆ. 2 ವರ್ಷದ ಒಳಗೆ ದಡಾರ ಬಂದ ಮಕ್ಕಳಿಗೆ ಈ ಅಪಾಯ ಜಾಸ್ತಿ. ಕೂಸಿನ ತಾಯಿಯವರಿಗೆ ನಾಳೆಯ ತನಕ ಕಾಯಬೇಡಿ ಅಂತ ಸಿಸ್ಟರ್ ಹೇಳಿದ್ದು ಅದಕ್ಕೇ.

ಹಳ್ಳಿ ಮೇಷ್ಟ್ರು | ಸೋಮವಾರ ರಾತ್ರಿ 11:41

ಡಾಕ್ಟ್ರೇ, ಗೊತ್ತಿರಲಿಲ್ಲ. ನನ್ನ ತಂಗಿ ಆ ವರ್ಷವಿಡೀ ಕಿವಿ ಸೋರಿ ಒದ್ದಾಡಿದ್ದು ಈಗ ನೆನಪಾಗುತ್ತಿದೆ. ಅವಳಿಗೆ ಇವತ್ತಿಗೂ ಒಂದು ಕಿವಿ ಸರಿಯಾಗಿ ಕೇಳುವುದಿಲ್ಲ.

ಮಲಪ್ರಭಾ ದಂಡೆ | ಮಂಗಳವಾರ ಬೆಳಿಗ್ಗೆ 6:15

ನಾನು ಬೆಳಗಾವಿ ಜಿಲ್ಲೆಯವನು. ಲಸಿಕೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತೀರಿ, ಒಪ್ಪುತ್ತೇನೆ. ಆದರೆ 2022ರ ಜನವರಿಯಲ್ಲಿ ನಮ್ಮ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ಇದೇ ಎಂಆರ್ ಲಸಿಕೆ ಹಾಕಿಸಿದ ಮೇಲೆ ಮೂರು ಕೂಸುಗಳು ತೀರಿಕೊಂಡವು. ಆ ತಾಯಂದಿರೂ ನಂಬಿಯೇ ಹೋಗಿದ್ದರು. ಅಂದಿನಿಂದ ನಮ್ಮ ಮನೆಯ ಹೆಂಗಸರು ಲಸಿಕೆ ಎಂದರೆ ಕೂಸನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿಯುತ್ತಾರೆ. ಅವರಿಗೆ ನಾನು ಏನು ಹೇಳಲಿ? ನನ್ನ ಅಣ್ಣನ ಮಗುವಿಗೆ ಈಗ 10 ತಿಂಗಳು, ಇನ್ನೂ ಹಾಕಿಸಿಲ್ಲ.

ನಿವೃತ್ತ ಸಿಸ್ಟರ್ | ಮಂಗಳವಾರ ಬೆಳಿಗ್ಗೆ 7:00

ಅಣ್ಣ, ಆ ಸುದ್ದಿ ಓದಿದ ದಿನ ನನಗೆ ಅನ್ನ ಸೇರಲಿಲ್ಲ. 31 ವರ್ಷ ಅದೇ ಕೆಲಸ ಮಾಡಿದವಳು ನಾನು. ಅವರ ಭಯವನ್ನು ಮೂಢನಂಬಿಕೆ ಅಂತ ತಳ್ಳಿ ಹಾಕಬೇಡಿ. ಆದರೆ ಅಲ್ಲಿ ತಪ್ಪಾಗಿದ್ದು ಲಸಿಕೆಯನ್ನು ಇಟ್ಟ, ಬಳಸಿದ ರೀತಿಯಲ್ಲಿ ಅಂತ ಸರ್ಕಾರವೇ ಆಗ ಹೇಳಿತು.

ಯಾಕೆ ಹಾಗಾಗುತ್ತದೆ ಅಂತ ಹೇಳುತ್ತೇನೆ. ಎಂಆರ್ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ. ಅದರ ಜೊತೆಗೇ ಬರುವ ನೀರನ್ನು ಬೆರೆಸಿ ಹಾಕಬೇಕು. ಕೆಡದಂತೆ ಇಡುವ ಮದ್ದು ಇದರಲ್ಲಿ ಇರುವುದಿಲ್ಲ. ಹಾಗಾಗಿ ಬೆರೆಸಿದ ಮೇಲೆ 4 ಗಂಟೆ ಒಳಗೆ ಮುಗಿಸಬೇಕು, ಮುಗಿಯದಿದ್ದರೆ ಎಸೆಯಬೇಕು. ಮರುದಿನಕ್ಕೆ ಇಟ್ಟರೆ ಒಳಗೆ ಕ್ರಿಮಿ ಬೆಳೆದು ವಿಷವಾಗುತ್ತದೆ. ಮನೆಯಲ್ಲಿ ಸಾರು ಹಳಸಿದ ಹಾಗೆ, ಆದರೆ ಇಲ್ಲಿ ವಾಸನೆಯಿಂದ ಗೊತ್ತಾಗುವುದಿಲ್ಲ.

ಹಾಗಾಗಿ ನಿಮ್ಮ ಅತ್ತಿಗೆಯವರಿಗೆ ಹೇಳಿ: ಹಾಕಿಸಬೇಡಿ ಅಲ್ಲ, ಕೇಳಿ ಹಾಕಿಸಿ. "ಸಿಸ್ಟರ್, ಬಾಟ್ಲಿ ಎಷ್ಟು ಗಂಟೆಗೆ ಬಿಚ್ಚಿದ್ದು?" ಬಿಚ್ಚಿದ ಸಮಯವನ್ನು ಬಾಟ್ಲಿಯ ಮೇಲೆ ಬರೆದಿರಬೇಕು, ತೋರಿಸಿ ಎನ್ನಿ. ಐಸ್ ಪ್ಯಾಕ್ ಇರುವ ಡಬ್ಬಿಯಿಂದ ತೆಗೆದರಾ, ಹೊಸ ಸಿರಿಂಜ್ ಒಡೆದರಾ, ನೋಡಿ. ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಒಳ್ಳೆಯ ಸಿಸ್ಟರಿಗೆ ಈ ಪ್ರಶ್ನೆಯಿಂದ ಬೇಜಾರಾಗುವುದಿಲ್ಲ. ನನ್ನನ್ನು ಯಾರಾದರೂ ಕೇಳಿದರೆ ನನಗೆ ಖುಷಿಯೇ ಆಗುತ್ತಿತ್ತು.

ಮಕ್ಕಳ ಡಾಕ್ಟರ್ | ಮಂಗಳವಾರ ಬೆಳಿಗ್ಗೆ 8:10

ಮಲಪ್ರಭಾ ದಂಡೆಯವರೇ, ಸಮೋವಾ ಅಂತ ಪೆಸಿಫಿಕ್ ಸಾಗರದಲ್ಲಿ ಒಂದು ದ್ವೀಪ ದೇಶ ಇದೆ. ಅಲ್ಲಿನ ಜನಸಂಖ್ಯೆ ಸುಮಾರು 2 ಲಕ್ಷ, ನಮ್ಮ ಒಂದು ತಾಲ್ಲೂಕಿನಷ್ಟು. 2018ರ ಜುಲೈನಲ್ಲಿ ಅಲ್ಲಿ ಎರಡು ಕೂಸುಗಳು ದಡಾರದ ಲಸಿಕೆ ಹಾಕಿದ ಕೂಡಲೇ ತೀರಿಕೊಂಡವು. ನರ್ಸ್‌ಗಳು ಲಸಿಕೆಯ ಪುಡಿಗೆ ನೀರಿನ ಬದಲು ಬೇರೆ ಔಷಧಿ ಬೆರೆಸಿಬಿಟ್ಟಿದ್ದರು. ಜನ ಹೆದರಿದರು, ಸರ್ಕಾರ ತಿಂಗಳುಗಟ್ಟಲೆ ಲಸಿಕೆ ನಿಲ್ಲಿಸಿತು. ಮತ್ತೆ ಶುರುವಾದರೂ ಹಾಕಿಸುವವರು ಬರಲಿಲ್ಲ.

2019ರ ಕೊನೆಗೆ ದಡಾರ ಆ ದೇಶಕ್ಕೆ ಬಂತು. 5,700ಕ್ಕೂ ಜಾಸ್ತಿ ಜನಕ್ಕೆ ಹತ್ತಿತು. 83 ಜನ ತೀರಿಕೊಂಡರು, ಹೆಚ್ಚಿನವರು 5 ವರ್ಷದ ಒಳಗಿನ ಮಕ್ಕಳು. ಎರಡು ಸಾವಿನ ಭಯ 83 ಸಾವಿಗೆ ಬಾಗಿಲು ತೆಗೆಯಿತು. ಕೊನೆಗೆ ಡಿಸೆಂಬರ್‌ನಲ್ಲಿ ಎರಡು ದಿನ ಇಡೀ ದೇಶ ಬಂದ್ ಮಾಡಿದರು. ಲಸಿಕೆ ಆಗದವರು ಇರುವ ಮನೆಯ ಮುಂದೆ ಕೆಂಪು ಬಟ್ಟೆ ಕಟ್ಟಿ ಎಂದರು. ತಂಡಗಳು ಆ ಮನೆಗಳಿಗೆ ಹೋಗಿ ಲಸಿಕೆ ಹಾಕಿದವು.

ನಿಮ್ಮ ಅಣ್ಣನ ಮಗುವಿಗೆ 10 ತಿಂಗಳು. ತಾಯಿಯಿಂದ ಬಂದ ರಕ್ಷಣೆ ಈ ವಯಸ್ಸಿಗೆ ಹೆಚ್ಚು ಕಡಿಮೆ ಕರಗಿ ಹೋಗಿರುತ್ತದೆ. ಸಿಸ್ಟರ್ ಹೇಳಿದ ಹಾಗೆ ಕೇಳಿ, ನೋಡಿ, ಈ ವಾರವೇ ಹಾಕಿಸಿ.

ಬೇವಿನಮರ | ಮಂಗಳವಾರ ಬೆಳಿಗ್ಗೆ 8:30

ಕೆಂಪು ಬಟ್ಟೆ ಕಟ್ಟಿದ್ದು ಓದಿ ನಮ್ಮ ಬೇವಿನ ಸೊಪ್ಪು ನೆನಪಾಯಿತು.

ನಿವೃತ್ತ ಸಿಸ್ಟರ್ | ಮಂಗಳವಾರ ಬೆಳಿಗ್ಗೆ 9:05

ನನಗೂ. ಕೂಸಿನ ತಾಯಿಯ ಅತ್ತೆಗಾಗಿ ಇದನ್ನು ಬರೆಯುತ್ತೇನೆ.

ನನ್ನ ಸರ್ವಿಸ್‌ನಲ್ಲಿ ಯಾರ ಮನೆಯ ಬಾಗಿಲಿನ ಬೇವನ್ನೂ ನಾನು ತೆಗೆಸಿಲ್ಲ. ಅದು ಒಳ್ಳೆಯ ಪದ್ಧತಿ. ಬೇವು ಕಟ್ಟಿದ ಮನೆಗೆ ಹೊರಗಿನವರು ಹೋಗುವುದಿಲ್ಲ, ಆ ಮನೆಯವರು ಜಾತ್ರೆಗೆ, ಮದುವೆಗೆ ಬರುವುದಿಲ್ಲ. ಮಗುವನ್ನು ತಂಪಾದ ಕೋಣೆಯಲ್ಲಿ ಮೆತ್ತಗಿನ ಬಟ್ಟೆಯ ಮೇಲೆ ಮಲಗಿಸುತ್ತಾರೆ. ಒಬ್ಬರೇ ಆರೈಕೆ ಮಾಡುತ್ತಾರೆ. ರೋಗ ಹರಡಬಾರದು ಅಂತ ಹಿರಿಯರು ಕಂಡುಕೊಂಡ ದಾರಿ ಅದು.

ಆದರೆ ಒಂದು ತೊಡಕಿದೆ. ದದ್ದು ಕಂಡ ಮೇಲೆ ಬೇವು ಕಟ್ಟುತ್ತೇವೆ. ದಡಾರ ಹರಡಲು ಶುರುವಾಗುವುದು ದದ್ದು ಕಾಣುವುದಕ್ಕೆ 4 ದಿನ ಮೊದಲೇ. ಆಗ ಬರೀ ನೆಗಡಿ, ಜ್ವರ. ಆ 4 ದಿನ ಮಗು ಶಾಲೆಗೆ ಹೋಗಿರುತ್ತದೆ, ಅಂಗಡಿಗೆ ಹೋಗಿರುತ್ತದೆ, ಪಕ್ಕದ ಮನೆಯಲ್ಲಿ ಕೇರಂ ಆಡಿರುತ್ತದೆ. ರೋಗ ನಿರೋಧಕ ಶಕ್ತಿ ಇಲ್ಲದ 10 ಜನ ಹತ್ತಿರ ಇದ್ದರೆ 9 ಜನಕ್ಕೆ ಹತ್ತುವ ಕಾಯಿಲೆ ಇದು. ಬೇವು 4 ದಿನ ತಡವಾಗಿ ಬರುತ್ತದೆ. ಆ 4 ದಿನವನ್ನು ಕಾಯುವುದಕ್ಕೆ ಲಸಿಕೆ ಬಿಟ್ಟರೆ ಬೇರೆ ಏನೂ ಇಲ್ಲ.

ಬೇವು ಇರಲಿ, ಪೂಜೆ ಇರಲಿ, ಆಮೇಲೆ ತಂಬಿಟ್ಟು ಮಾಡಿ ಮಾರಮ್ಮನಿಗೆ ತಂಪು ಎರೆಯುವುದೂ ಇರಲಿ. ಬೇಡ ಎನ್ನುವುದು ಮೂರೇ. ಡಾಕ್ಟರನ್ನು ದೂರ ಇಡಬೇಡಿ. ನಂಜು ಅಂತ ಮಗುವಿಗೆ ಊಟ ಕಡಿಮೆ ಮಾಡಬೇಡಿ. ಕೂಸಿಗೆ ಎದೆಹಾಲು ನಿಲ್ಲಿಸಬೇಡಿ. ಒಗ್ಗರಣೆ ಹಾಕಬಾರದು ಎಂದರೆ ಹಾಕಬೇಡಿ, ಒಗ್ಗರಣೆ ಇಲ್ಲದ ಬೇಳೆ ಕಟ್ಟು, ಮೆತ್ತಗಿನ ಅನ್ನ, ಬಾಳೆಹಣ್ಣು, ಎಳನೀರು ಕೊಡಿ. ಮಗು ಹೊಟ್ಟೆ ತುಂಬ ಉಣ್ಣಲಿ.

ಗೋವಂಡಿಯ ಕನ್ನಡಿಗ | ಮಂಗಳವಾರ ಮಧ್ಯಾಹ್ನ 12:40

ನಾನು ಮುಂಬೈನಲ್ಲಿ ಇರುವವನು, ಮೂಲ ಕಲಬುರ್ಗಿ ಕಡೆ. 2022ರ ಅಕ್ಟೋಬರ್, ನವೆಂಬರ್‌ನಲ್ಲಿ ಗೋವಂಡಿಯಲ್ಲಿ ದಡಾರ ಎದ್ದಾಗ ಇಲ್ಲೇ ಇದ್ದೆ. ಹತ್ತು ಅಡಿಯ ಖೋಲಿಯಲ್ಲಿ ಎಂಟು ಜನ ಇರುವ ಜಾಗ ಇದು. ಗಾಳಿ ಆಡುವುದಿಲ್ಲ. ಕೋವಿಡ್ ಹೊತ್ತಿನಲ್ಲಿ ಊರಿಗೆ ಹೋಗಿ ಬಂದ ಮಕ್ಕಳಿಗೆ ಲಸಿಕೆ ತಪ್ಪಿ ಹೋಗಿತ್ತು. ಒಂದೇ ಮನೆಯ ಚಿಕ್ಕ ಮಕ್ಕಳು ಒಂದರ ಹಿಂದೆ ಒಂದು ತೀರಿಕೊಂಡ ಸುದ್ದಿ ಬಂದ ಮೇಲೆ ಎಲ್ಲರಿಗೂ ಎಚ್ಚರ ಆಯಿತು. ದೆಹಲಿಯಿಂದ ಕೇಂದ್ರದ ತಂಡ ಬಂತು.

ಆಗಲೇ ಸರ್ಕಾರ ಹೇಳಿದ್ದು: ರೋಗ ಹರಡಿದ ಕಡೆ 9 ತಿಂಗಳಿನಿಂದ 5 ವರ್ಷದ ಎಲ್ಲ ಮಕ್ಕಳಿಗೂ ಒಂದು ಹೆಚ್ಚುವರಿ ಡೋಸ್. ಎಲ್ಲಿ ರೋಗ ಬಂದವರಲ್ಲಿ 10 ಶೇಕಡಾಕ್ಕಿಂತ ಜಾಸ್ತಿ 9 ತಿಂಗಳ ಒಳಗಿನ ಕೂಸುಗಳೋ ಅಲ್ಲಿ 6 ತಿಂಗಳು ತುಂಬಿದವರಿಗೂ ಒಂದು ಡೋಸ್. ಹಾಗಾಗಿ ನಿಮ್ಮ ಕೂಸಿನ ವಿಚಾರ ಹೊಸದೇನಲ್ಲ ಅಕ್ಕ, ಧೈರ್ಯವಾಗಿ ಕೇಳಿ.

ನಾನು ಕಂಡ ಒಂದು ಮಾತು ಹೇಳಬೇಕು. ಮೈಕ್ ಕಟ್ಟಿಕೊಂಡು ಹೇಳಿದಾಗ ಯಾರೂ ಬರಲಿಲ್ಲ. ನಮ್ಮ ಚಾಳಿನಲ್ಲಿ ಬಟ್ಟೆ ಹೊಲಿಯುವ ಚಾಚಿಯೊಬ್ಬರು ತಮ್ಮ ಮೊಮ್ಮಗುವಿಗೆ ಹಾಕಿಸಿಕೊಂಡು ಬಂದು, ಮನೆ ಮನೆಗೆ ಹೋಗಿ "ನೋಡಿ, ನಮ್ಮ ಹುಡುಗಿ ಆಡುತ್ತಿದ್ದಾಳೆ" ಎಂದು ತೋರಿಸಿದರು. ಮರುದಿನ ಸಾಲು ನಿಂತಿತು.

ಕೂಸಿನ ತಾಯಿ | ಮಂಗಳವಾರ ಸಂಜೆ 4:20

ಹಾಕಿಸಿಕೊಂಡು ಬಂದೆ. ಇಬ್ಬರಿಗೂ.

ರಾತ್ರಿಯೇ ಆಶಾ ಅಕ್ಕನಿಗೆ ಫೋನ್ ಮಾಡಿದ್ದೆ. ಬೆಳಿಗ್ಗೆ ಡಾಕ್ಟರು ಜಿಲ್ಲೆಯವರ ಜೊತೆ ಮಾತಾಡಿ, ಕೂಸಿಗೂ ಹಾಕೋಣ ಎಂದರು. ಹಿಂದಿನ ಬಾಗಿಲಿನಿಂದ ಬರಲು ಹೇಳಿದರು. ಬಾಟ್ಲಿ ಎಷ್ಟು ಗಂಟೆಗೆ ಬಿಚ್ಚಿದ್ದು ಅಂತ ಕೇಳಿದೆ. ಸಿಸ್ಟರ್ ನಕ್ಕು, "ನಿಮ್ಮ ಎದುರಿಗೇ ಬಿಚ್ಚುತ್ತೇನೆ" ಎಂದರು. ಮಧ್ಯಾಹ್ನ 2:50ಕ್ಕೆ. ಮಗನ ಕಾರ್ಡಿನಲ್ಲಿ ಎರಡನೇ ಎಂಆರ್ ಜಾಗ ಖಾಲಿ ಇತ್ತು. ನನ್ನ ತಪ್ಪು.

ಸಿಸ್ಟರ್ ಅಕ್ಕ ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. ಸುಮ್ಮನೆ ಕೇಳಿದರು. ಆಮೇಲೆ ಅವರೇ ಕೂಸಿಗೆ ಟೋಪಿ ಹಾಕಿ ಕೈಗೆ ಕೊಟ್ಟರು.

ಈಗ ಮುಂದೆ ಏನು ನೋಡಬೇಕು?

ಮಕ್ಕಳ ಡಾಕ್ಟರ್ | ಮಂಗಳವಾರ ರಾತ್ರಿ 10:15

ತುಂಬ ಒಳ್ಳೆಯ ಕೆಲಸ ಮಾಡಿದಿರಿ. ಖಾಲಿ ಜಾಗದ ಬಗ್ಗೆ ಬೇಸರ ಬೇಡ, ತುಂಬಿತಲ್ಲ.

ಶನಿವಾರದಿಂದ 21 ದಿನ ಎಚ್ಚರದಿಂದ ಇರಿ. ಲಕ್ಷಣ ಕಾಣುವುದಾದರೆ ಸಾಮಾನ್ಯವಾಗಿ 10 ರಿಂದ 14 ದಿನದಲ್ಲಿ. ಮೊದಲು ಜೋರು ಜ್ವರ, ಮೂಗು ಸೋರುವುದು, ಕೆಮ್ಮು, ಕಣ್ಣು ಕೆಂಪಾಗಿ ಬೆಳಕು ನೋಡಲಾಗದೆ ಇರುವುದು. ಬಾಯೊಳಗೆ ಕೆನ್ನೆಯ ಗೋಡೆಯಲ್ಲಿ ಉಪ್ಪಿನ ಹರಳಿನ ಹಾಗೆ ಬಿಳಿ ಚುಕ್ಕೆ ಕಾಣಬಹುದು. ಆಮೇಲೆ ಕಿವಿಯ ಹಿಂದೆ, ಹಣೆಯ ಕೂದಲ ಅಂಚಿನಲ್ಲಿ ದದ್ದು ಶುರುವಾಗಿ ಮುಖ, ಎದೆ, ಕೈಕಾಲಿಗೆ ಇಳಿಯುತ್ತದೆ. ನಮ್ಮ ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಕೈ ಆಡಿಸಿ ನೋಡಿ, ಒರಟಾಗಿ ಹತ್ತುತ್ತದೆ. ನೀರು ತುಂಬಿದ ಗುಳ್ಳೆ ಇದ್ದರೆ ಅದು ದಡಾರ ಅಲ್ಲ, ಸೀತಾಳೆ ಇರಬಹುದು.

ಗೊಂದಲ ಆಗದಿರಲಿ ಅಂತ ಒಂದು ಮಾತು: ಲಸಿಕೆ ಹಾಕಿದ 5 ರಿಂದ 12 ದಿನದ ಒಳಗೆ ಕೆಲವು ಮಕ್ಕಳಿಗೆ ಸ್ವಲ್ಪ ಜ್ವರ, ಸ್ವಲ್ಪ ದದ್ದು ಬರುತ್ತದೆ. ಅದು ತಾನಾಗಿ ಹೋಗುತ್ತದೆ. ಆದರೂ ಈ ಸಲ ಏನೇ ಕಂಡರೂ ಆಶಾಗೆ ತಿಳಿಸಿ.

ಯಾರಿಗಾದರೂ ದಡಾರ ಬಂದೇಬಿಟ್ಟರೆ, ದದ್ದು ಕಂಡ ದಿನದಿಂದ 4 ದಿನ ಪೂರ್ತಿ ಬೇರೆ ಕೋಣೆ. ಕಿಟಕಿ ತೆಗೆದಿಡಿ. ಲಸಿಕೆ ಆದವರು ಅಥವಾ ಹಿಂದೆ ದಡಾರ ಬಂದವರು ಮಾತ್ರ ಆರೈಕೆ ಮಾಡಲಿ. ಜ್ವರಕ್ಕೆ ತೂಕ ನೋಡಿ ಪ್ಯಾರಾಸಿಟಮಾಲ್. ಆಸ್ಪಿರಿನ್ ಮಕ್ಕಳಿಗೆ ಕೊಡಲೇಬಾರದು. ಭೇದಿ ಆದರೆ ಓಆರ್‌ಎಸ್. ದಡಾರ ವೈರಸ್ಸಿನ ಕಾಯಿಲೆ, ಆಂಟಿಬಯೋಟಿಕ್ ಅದಕ್ಕೆ ಕೆಲಸ ಮಾಡುವುದಿಲ್ಲ. ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ಹಾಕಬೇಡಿ.

ದಡಾರ ಬಂದ ಪ್ರತಿ ಮಗುವಿಗೂ ವಿಟಮಿನ್ ಎ ಕೊಡಬೇಕು, ಎರಡು ದಿನ, ದಿನಕ್ಕೆ ಒಂದು ಸಲ. 6 ತಿಂಗಳ ಒಳಗಿನವರಿಗೆ 50,000 ಯೂನಿಟ್, 6 ರಿಂದ 11 ತಿಂಗಳಿಗೆ 1 ಲಕ್ಷ, 1 ವರ್ಷ ದಾಟಿದವರಿಗೆ 2 ಲಕ್ಷ. ಇದನ್ನು ಪಿಎಚ್‌ಸಿಯಲ್ಲೇ ಅಳೆದು ಹಾಕಿಸಿ. ಜಾಸ್ತಿಯಾದರೆ ಅದೂ ವಿಷ.

ಉಸಿರು ವೇಗವಾದರೆ, ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋದರೆ, ಫಿಟ್ಸ್ ಬಂದರೆ, ಕೂಸು ಹಾಲು ಕುಡಿಯದೆ ಮಂಕಾಗಿ ಮಲಗಿಬಿಟ್ಟರೆ, ಕಣ್ಣಿನ ಕರಿಗುಡ್ಡೆ ಮಬ್ಬಾದರೆ ಮರುದಿನಕ್ಕೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ದಡಾರ ಇರಬಹುದು ಅಂತ ಮೊದಲೇ ಹೇಳಿ.

ಟೆಕ್ಸಾಸ್‌ನಿಂದ | ಬುಧವಾರ ಬೆಳಿಗ್ಗೆ 7:50

ವಿಟಮಿನ್ ಎ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. 2025ರಲ್ಲಿ ನಮ್ಮ ರಾಜ್ಯದ ಪಶ್ಚಿಮ ಭಾಗದಲ್ಲಿ, ಗೇನ್ಸ್ ಕೌಂಟಿಯಿಂದ ಶುರುವಾಗಿ, 762 ಜನಕ್ಕೆ ದಡಾರ ಬಂತು. ಶಾಲೆಗೆ ಹೋಗುವ ವಯಸ್ಸಿನ ಇಬ್ಬರು ಮಕ್ಕಳು ತೀರಿಕೊಂಡರು. ಇಬ್ಬರಿಗೂ ಲಸಿಕೆ ಆಗಿರಲಿಲ್ಲ. ಆಗ ಲಸಿಕೆಯ ಬದಲು ವಿಟಮಿನ್ ಎ ಸಾಕು ಎನ್ನುವ ಮಾತು ಹಬ್ಬಿತು. ಇಲ್ಲಿನ ಲಬಕ್ ನಗರದಲ್ಲಿ ದಡಾರಕ್ಕೆ ಆಸ್ಪತ್ರೆ ಸೇರಿದ ಕೆಲವು ಮಕ್ಕಳ ಲಿವರ್ ವಿಟಮಿನ್ ಎ ಅತಿಯಾಗಿ ತೊಂದರೆಗೆ ಸಿಲುಕಿತ್ತು. ಡಾಕ್ಟರು ಹೇಳಿದ್ದನ್ನು ಅಕ್ಷರಶಃ ಪಾಲಿಸಿ.

ಹೊರದೇಶದ ಕನ್ನಡಿಗರಿಗೆ ಒಂದು ವಿನಂತಿ. ಅಮೆರಿಕದಲ್ಲಿ ಮೊದಲ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ) 12 ತಿಂಗಳ ಮೇಲೆ ಕೊಡುತ್ತಾರೆ. ನಾವು ಅದಕ್ಕೆ ಮೊದಲೇ ಕೂಸನ್ನು ಅಜ್ಜ ಅಜ್ಜಿಗೆ ತೋರಿಸಲು ಬೆಂಗಳೂರಿಗೆ ಹಾರುತ್ತೇವೆ. ಹೊರದೇಶಕ್ಕೆ ಹೋಗುವ 6 ರಿಂದ 11 ತಿಂಗಳ ಕೂಸಿಗೆ ಒಂದು ಡೋಸ್ ಮುಂಚಿತವಾಗಿ ಹಾಕಿಸಿ ಅಂತ ಇಲ್ಲಿನ ನಿಯಮವೇ ಇದೆ, ಹೊರಡಲು ಎರಡು ವಾರ ಇರುವಾಗ. ಎಷ್ಟೋ ಜನಕ್ಕೆ ಗೊತ್ತಿಲ್ಲ. ನಮಗೂ ಮೊದಲ ಮಗುವಿನ ಹೊತ್ತಿಗೆ ಗೊತ್ತಿರಲಿಲ್ಲ.

ಒಬ್ಬ ಅಪ್ಪ | ಬುಧವಾರ ರಾತ್ರಿ 11:30

ಇಷ್ಟು ದಿನ ಓದುತ್ತಿದ್ದೆ, ಬರೆದಿರಲಿಲ್ಲ.

ನನ್ನ ಮಗಳಿಗೆ 6 ವರ್ಷ. ರಕ್ತದ ಕ್ಯಾನ್ಸರ್‌ಗೆ ಕೀಮೋ ನಡೆಯುತ್ತಿದೆ. ಅವಳಿಗೆ ಎರಡೂ ಡೋಸ್ ಆಗಿತ್ತು, ಆದರೆ ಕೀಮೋದಿಂದ ಆ ಶಕ್ತಿ ಉಳಿದಿದೆಯೋ ಇಲ್ಲವೋ ಹೇಳಲಾಗದು ಎಂದಿದ್ದಾರೆ. ಇದು ಜೀವಂತ ವೈರಸ್ಸಿನ ಲಸಿಕೆ, ಹಾಗಾಗಿ ಈಗ ಮತ್ತೆ ಹಾಕುವಂತೆಯೂ ಇಲ್ಲ. ದಡಾರ ಬಂದರೆ ಅವಳಿಗೆ ದದ್ದು ಕೂಡ ಏಳದೆ ನೇರ ನ್ಯುಮೋನಿಯಾ ಆಗಬಹುದಂತೆ.

ನಾವು ಮಾಡುವುದೆಲ್ಲ ಮಾಡುತ್ತೇವೆ. ನಾನು, ಹೆಂಡತಿ, ಮಗ, ಅಮ್ಮ, ಎಲ್ಲರೂ ಲಸಿಕೆಯ ಲೆಕ್ಕ ಸರಿ ಮಾಡಿಕೊಂಡಿದ್ದೇವೆ. ಹೊರಗೆ ಹೋದರೆ ಎನ್95 ಮಾಸ್ಕ್. ಆದರೆ ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಲೇಬೇಕು. ಲಿಫ್ಟ್ ಹತ್ತಲೇಬೇಕು. ಆ ಲಿಫ್ಟಿನಲ್ಲಿ ಸ್ವಲ್ಪ ಹೊತ್ತಿಗೆ ಮುಂಚೆ ಯಾರು ಇದ್ದರು ಅಂತ ನನಗೆ ಗೊತ್ತಾಗುವುದಿಲ್ಲ.

ದಡಾರ ಊರಿನಲ್ಲಿ ಹರಡದೆ ಇರಬೇಕಾದರೆ 100ರಲ್ಲಿ 95 ಜನಕ್ಕೆ ಲಸಿಕೆ ಆಗಿರಬೇಕು ಅಂತ ಓದಿದೆ. ಉಳಿದ 5ರಲ್ಲಿ ನನ್ನ ಮಗಳು ಇದ್ದಾಳೆ. ಕೂಸಿನ ತಾಯಿಯವರ 7 ತಿಂಗಳ ಮಗಳು ಇದ್ದಾಳೆ. ಆ ಜಾಗ ಇಂಥವರಿಗೆ ಬಿಡಿ. ಹಾಕಿಸಿಕೊಳ್ಳಲು ಆಗುವವರು ಆ ಜಾಗದಲ್ಲಿ ನಿಲ್ಲಬೇಡಿ.

ಹಳ್ಳಿ ಮೇಷ್ಟ್ರು | ಗುರುವಾರ ಬೆಳಿಗ್ಗೆ 6:40

ಸರ್, ನಿಮ್ಮ ಮಗಳು ಬೇಗ ಹುಷಾರಾಗಲಿ. ನಮ್ಮ ಶಾಲೆಯ 1ನೇ ಕ್ಲಾಸಿನಿಂದ 3ನೇ ಕ್ಲಾಸಿನ ಮಕ್ಕಳ ಕಾರ್ಡ್ ನಾಳೆ ತರಿಸುತ್ತೇನೆ. ಅಂಗನವಾಡಿ ಟೀಚರ್ ಜೊತೆ ಕೂತು ನೋಡುತ್ತೇವೆ.

ಒಂದು ಸಂದೇಹ. ನನ್ನ ಎಡ ತೋಳಿನ ಮೇಲೆ ಲಸಿಕೆಯ ಕಲೆ ಇದೆ. ಅದು ದಡಾರದ್ದೇ?

ನಿವೃತ್ತ ಸಿಸ್ಟರ್ | ಗುರುವಾರ ಬೆಳಿಗ್ಗೆ 8:20

ಅಲ್ಲ ಮೇಷ್ಟ್ರೇ, ಈ ತಪ್ಪು ಬಹಳ ಜನ ಮಾಡುತ್ತಾರೆ. ಎಡ ತೋಳಿನ ಕಲೆ ಬಿಸಿಜಿಯದು, ಕ್ಷಯಕ್ಕೆ ಹಾಕುವುದು. ನಿಮ್ಮಂಥ ಹಿರಿಯರಿಗಾದರೆ ಸಿಡುಬಿನದೂ ಇರಬಹುದು. ದಡಾರದ್ದು ಬಲ ತೋಳಿಗೆ ಹಾಕುತ್ತೇವೆ, ಕಲೆ ಉಳಿಯುವುದಿಲ್ಲ. ನಮ್ಮ ದೇಶದ ಸರ್ಕಾರಿ ಪಟ್ಟಿಗೆ ದಡಾರದ ಲಸಿಕೆ ಬಂದದ್ದೇ 1985ರಲ್ಲಿ. ಎರಡನೇ ಡೋಸ್ 2010ರಿಂದ. ಆಮೇಲೆ 2017ರ ಫೆಬ್ರವರಿಯಲ್ಲಿ ಎಂಆರ್ ಅಭಿಯಾನ ನಡೆಯಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. 9 ತಿಂಗಳಿನಿಂದ 15 ವರ್ಷದ ಒಳಗಿನ ಮಕ್ಕಳಿಗೆ ಶಾಲೆಯಲ್ಲೇ ಹಾಕಿದೆವು, ಎಡಗೈ ಬೆರಳಿಗೆ ಶಾಯಿ ಗುರುತು ಹಾಕಿ.

ನಡುವಿನ ವಯಸ್ಸಿನ ಎಷ್ಟೋ ಜನಕ್ಕೆ ಒಂದೇ ಡೋಸ್ ಆಗಿದೆ, ಇಲ್ಲವೇ ಅದೂ ಇಲ್ಲ. ಅಂಥವರು, ಅದರಲ್ಲೂ ಆಸ್ಪತ್ರೆ, ಶಾಲೆಯಲ್ಲಿ ಕೆಲಸ ಮಾಡುವವರು, ಮಗುವಿಗೆ ಯೋಚನೆ ಮಾಡುತ್ತಿರುವ ಹೆಣ್ಣುಮಕ್ಕಳು ಡಾಕ್ಟರನ್ನು ಕೇಳಿ ಹಾಕಿಸಿಕೊಳ್ಳಬಹುದು. ಗರ್ಭಿಣಿಯರಿಗೆ ಮಾತ್ರ ಹಾಕುವಂತಿಲ್ಲ.

ಮೇಷ್ಟ್ರೇ, ಕಾರ್ಡ್ ನೋಡುವಾಗ ಶಾಲೆಗೆ ಬಾರದ ಮಕ್ಕಳನ್ನು ಮರೆಯಬೇಡಿ. ಇಟ್ಟಿಗೆ ಭಟ್ಟಿ, ಕಬ್ಬು ಕಡಿಯುವವರ ಗುಡಿಸಲು, ರಸ್ತೆ ಕೆಲಸದ ಶೆಡ್. ಅವರ ಹೆಸರು ಯಾವ ಊರಿನ ಪಟ್ಟಿಯಲ್ಲೂ ಇರುವುದಿಲ್ಲ. ನನ್ನ ಅನುಭವದಲ್ಲಿ ದಡಾರ ಯಾವಾಗಲೂ ಮೊದಲು ಕಂಡದ್ದು ಅಲ್ಲೇ.

ಮಲಪ್ರಭಾ ದಂಡೆ | ಶುಕ್ರವಾರ ಸಂಜೆ 6:00

ಅಣ್ಣನ ಮಗುವಿಗೆ ನಿನ್ನೆ ಹಾಕಿಸಿದೆವು. ಅತ್ತಿಗೆ ಬಾಟ್ಲಿಯ ಮೇಲಿನ ಸಮಯ ಓದಿ, ತಮ್ಮ ಫೋನಿನ ಗಡಿಯಾರ ನೋಡಿ, ಆಮೇಲೆ ಮಗುವಿನ ಕೈ ಹಿಡಿದರು. ಈ ಲಸಿಕೆಯ ಜೊತೆ ಕೊಡುವ ವಿಟಮಿನ್ ಎ ಸಿರಪ್ಪನ್ನೂ ಅಲ್ಲಿನ ಸಿಸ್ಟರೇ ಚಮಚದಲ್ಲಿ ಹಾಕಿದರು. ಮಗು ಚೆನ್ನಾಗಿದೆ.

ಕೂಸಿನ ತಾಯಿ | ಮೂರು ವಾರಗಳ ನಂತರ

ಎಲ್ಲರೂ ಕಾಯುತ್ತಿರುತ್ತೀರಿ ಅಂತ ಬರೆಯುತ್ತಿದ್ದೇನೆ. ಶನಿವಾರಕ್ಕೆ 21 ದಿನ ಮುಗಿಯಿತು. ಮಗಳಿಗೆ 8ನೇ ದಿನ ಸ್ವಲ್ಪ ಮೈ ಬಿಸಿ ಆಗಿತ್ತು, ಎರಡು ದಿನಕ್ಕೆ ಇಳಿಯಿತು. ಮಗನಿಗೆ ಏನೂ ಆಗಲಿಲ್ಲ. ಕೊನೆಯ ಮನೆಯ ಚಿಕ್ಕವನಿಗೆ ನ್ಯುಮೋನಿಯಾ ಆಗಿ ಆರು ದಿನ ಜಿಲ್ಲಾ ಆಸ್ಪತ್ರೆಯಲ್ಲಿ ಇದ್ದ. ಈಗ ಮನೆಗೆ ಬಂದಿದ್ದಾನೆ, ತುಂಬ ಇಳಿದು ಹೋಗಿದ್ದಾನೆ. ಅವನಿಗೆ ಒಂದು ಡೋಸೂ ಆಗಿರಲಿಲ್ಲ. ರಕ್ತದ ರಿಪೋರ್ಟ್ ದಡಾರ ಎಂದೇ ಬಂತು.

ಆಶಾ ಅಕ್ಕನ ಜೊತೆ ನಾನೂ ಎರಡು ದಿನ ಮನೆ ಮನೆಗೆ ಹೋದೆ. ಸಿಸ್ಟರ್ ಅಕ್ಕ ಹೇಳಿದ ಹಾಗೆ ಊರ ಹೊರಗಿನ ಇಟ್ಟಿಗೆ ಭಟ್ಟಿಗೂ ಹೋದೆವು. ಅಲ್ಲಿ 5 ವರ್ಷದ ಒಳಗಿನ 11 ಮಕ್ಕಳು. ಕಾರ್ಡ್ ಇದ್ದದ್ದು ಇಬ್ಬರ ಹತ್ತಿರ. ಮೊದಲ ದಿನ ಯಾರೂ ಮುಂದೆ ಬರಲಿಲ್ಲ. ಎರಡನೇ ದಿನ ಅತ್ತೆಯೂ ಬಂದರು. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, "ನಮ್ಮ ಕೂಸಿಗೂ ಹಾಕಿಸಿದ್ದೇವೆ, ನೋಡಿ" ಎಂದರು. ಗೋವಂಡಿ ಅಣ್ಣ ಬರೆದದ್ದು ಅವರಿಗೆ ನೆನಪಿತ್ತು. 9 ಮಕ್ಕಳಿಗೆ ಆಯಿತು. ಇನ್ನಿಬ್ಬರ ಅಪ್ಪ ಅಮ್ಮ ಬುಧವಾರ ಊರಿನಿಂದ ಬರುತ್ತಾರಂತೆ, ಅವತ್ತು ಮತ್ತೆ ಹೋಗುತ್ತೇವೆ.

ಮಗಳಿಗೆ 9 ತಿಂಗಳು ತುಂಬುವ ದಿನಕ್ಕೆ ಅತ್ತೆ ಕ್ಯಾಲೆಂಡರಿನಲ್ಲಿ ಅರಿಶಿನದ ಬೊಟ್ಟು ಇಟ್ಟಿದ್ದಾರೆ.

ನಿವೃತ್ತ ಸಿಸ್ಟರ್ | ಅದೇ ದಿನ ರಾತ್ರಿ

16 ತಿಂಗಳಿಗೆ ಇನ್ನೊಂದು ಬೊಟ್ಟು ಇಡಲು ಹೇಳು ತಂಗಿ.